ಕುಡಿತದ ಸಿನಿಮಾ ಸಾಕಷ್ಟಿವೆ, ಬಿಟ್ಟಮೇಲಿನ ಸಿನಿಮಾ ಯಾವುದಿದೆ? ಒಂದು ಸಂಜೆಗೆ ಸಲಹೆ ಬೇಕು

ಘಟಪ್ರಭಾ ದಂಡೆ (ಮುಧೋಳ)

ಎಲ್ಲರಿಗೂ ಶರಣು ಶರಣಾರ್ಥಿ. ಆಗಸ್ಟ್ 1ಕ್ಕೆ ನಮ್ಮೂರ ಸಮುದಾಯ ಭವನದಲ್ಲಿ ಒಂದು ಸಂಜೆ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಮೊದಲು ಸಿನಿಮಾ, ಆಮೇಲೆ ಮಾತು. ಏನು ತೋರಿಸಬೇಕು, ಯಾರನ್ನು ಮಾತಾಡಿಸಬೇಕು ಅಂತ ನಿಮ್ಮನ್ನು ಕೇಳುತ್ತಿದ್ದೇನೆ.

ಆ ದಿನ ವ್ಯಸನಮುಕ್ತ ದಿನ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳ ಹುಟ್ಟಿದ ದಿನವನ್ನು ನಮ್ಮ ಸರ್ಕಾರ ಹಾಗೆ ಆಚರಿಸುತ್ತದೆ. ಶಾಲೆ ಮಕ್ಕಳ ಜಾಥಾ ಇರುತ್ತದೆ, ಪ್ರತಿಜ್ಞೆ ಇರುತ್ತದೆ. ತಪ್ಪೇನಿಲ್ಲ. ಆದರೆ ಕುಡಿಯುವವರು ಆ ಕಡೆ ತಲೆ ಹಾಕುವುದಿಲ್ಲ. ಆ ತಿಂಗಳಲ್ಲಿ ಕಾರ್ಖಾನೆಗಳಲ್ಲಿ ಕಬ್ಬು ಅರೆಯುವ ಹಂಗಾಮು ಇರುವುದಿಲ್ಲ. ಟ್ರ್ಯಾಕ್ಟರ್ ಓಡಿಸುವವರು, ಕಬ್ಬು ಕಡಿಯುವವರು ಊರಲ್ಲೇ ಇರುತ್ತಾರೆ. ಕೈಯಲ್ಲಿ ಕೆಲಸ ಇಲ್ಲ, ಹೊತ್ತು ಹೋಗುವುದಿಲ್ಲ. ಅವರು ಬಂದು ಕೂರಬೇಕು ಅನ್ನುವುದೇ ನಮ್ಮ ಆಸೆ.

ಕೊಳೆತ ಲಿವರ್, ಕ್ಯಾನ್ಸರ್ ಬಾಯಿ ತೋರಿಸುವುದು ಮಾತ್ರ ಬೇಡ. ಅದನ್ನು ತಂಬಾಕಿನ ಪಾಕೀಟಿನ ಮೇಲೆ ದಿನಾ ನೋಡುತ್ತಲೇ ಹರಿದು ಬಾಯಿಗೆ ಹಾಕುತ್ತಾರೆ. ಬಿದ್ದವನ ಕಥೆ ಎಷ್ಟೋ ಸಿನಿಮಾದಲ್ಲಿದೆ. ಕೊನೆಗೆ ಬಾಟಲಿ ಒಡೆದು ಆಣೆ ಮಾಡುವವನ ಕಥೆಯೂ ಇದೆ. ಮರುದಿನ ಬೆಳಿಗ್ಗೆ ಎದ್ದು ಅವನು ಏನು ಮಾಡಿದ? ಮನೆಯವರು ಹೇಗೆ ನೋಡಿದರು? ಮೊದಲ ಸಲ ಒಂದು ಮದುವೆಗೆ ಹೋದಾಗ ಏನಾಯಿತು? ಇದನ್ನು ಯಾರಾದರೂ ತೆಗೆದಿದ್ದಾರಾ?

ಟಿಳಕವಾಡಿ ಓದುಗ (ಬೆಳಗಾವಿ)

ಊರಿನವರು ಬಂದು ಕೂರಬೇಕು ಅಂದರೆ ಅಣ್ಣಾವ್ರೇ ಸರಿ. ‘ಜೀವನ ಚೈತ್ರ’ ಹಾಕಿ. 1992ರದ್ದು, ದೊರೆ-ಭಗವಾನ್ ನಿರ್ದೇಶನ. ಊರಿನ ಹಿರಿಯನಾಗಿ ರಾಜಕುಮಾರ್ ಸಾರಾಯಿ ವಿರುದ್ಧ ನಿಲ್ಲುತ್ತಾರೆ. ‘ನಾದಮಯ’ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿದ್ದು ಇದೇ ಚಿತ್ರಕ್ಕೆ.

ಆದರೆ ನೀವು ಕೇಳಿದ್ದು ಅದರಲ್ಲಿ ಸಿಗುವುದಿಲ್ಲ. ಅಲ್ಲಿ ಜಗಳ ಇರುವುದು ಸಾರಾಯಿ ಮಾರುವವರ ಜೊತೆ. ಕುಡಿಯುವವನ ಒಳಗೆ ಏನು ನಡೆಯುತ್ತದೆ ಅನ್ನುವುದಕ್ಕೆ ಜಾಗ ಕಡಿಮೆ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಬಂದ್ ಆಯಿತು. ಕುಡಿತ ಬಂದ್ ಆಯಿತಾ? ಸಾರಾಯಿ ಪಾಕೀಟು ಹೋಗಿ ಕ್ವಾರ್ಟರ್ ಬಂತು, ಜೇಬಿಗೆ ಹೊರೆ ಜಾಸ್ತಿಯಾಯಿತು. ಹಾಗಂತ ಅಂಗಡಿ ಮುಚ್ಚಿಸುವ ಹೋರಾಟ ಸುಮ್ನೆ ಅಂತ ನಾನು ಹೇಳುವುದಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ನಡೆದ ಹೆಣ್ಣುಮಕ್ಕಳಿಗೆ ತಮ್ಮ ಮನೆಯ ಸ್ಥಿತಿ ಚೆನ್ನಾಗಿ ಗೊತ್ತಿತ್ತು.

ಡ್ರಗ್ಸ್ ಕುರಿತ ಹಿಂದಿ ಸಿನಿಮಾ ‘ಉಡ್ತಾ ಪಂಜಾಬ್’ ಮುಂತಾದವು ಬೇಡ. ಅದಕ್ಕೆ ಎ ಸರ್ಟಿಫಿಕೇಟ್ ಇದೆ, ನಿಮ್ಮ ಭವನಕ್ಕೆ ಮಕ್ಕಳೂ ಬರುತ್ತಾರೆ. ಇನ್ನೊಂದು ಮಾತು. ಮೊಬೈಲಿನ ಓಟಿಟಿ ಖಾತೆಯಿಂದ ಊರಿಗೆಲ್ಲ ಸಿನಿಮಾ ತೋರಿಸಲು ಬರುವುದಿಲ್ಲ. ಆ ಖಾತೆ ಮನೆಯಲ್ಲಿ ನೋಡುವುದಕ್ಕಷ್ಟೇ. ಹಕ್ಕು ಇರುವವರಿಂದ ಮೊದಲೇ ಒಪ್ಪಿಗೆ ತರಿಸಿಕೊಳ್ಳಿ.

ರಂಗದ ಮಂದಿ (ಬಾದಾಮಿ)

ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಟೆಂಟ್ ಹಾಕುವುದು ನಿಮಗೆಲ್ಲ ಗೊತ್ತು. ಅಲ್ಲಿ ನಗು ಬೇಕು ಅಂದರೆ ಕುಡುಕನ ಪಾತ್ರ. ನಾನು ಅದನ್ನು ಎಷ್ಟೋ ಸಲ ಮಾಡಿದ್ದೇನೆ. ತೂರಾಡುತ್ತ ಬರಬೇಕು, ಧೋತರ ಜಾರಬೇಕು, ಹೆಂಡತಿ ಕಸಬರಿಗೆ ಎತ್ತಿದ ಕೂಡಲೇ ಅವಳ ಕಾಲು ಹಿಡಿಯಬೇಕು. ಶಿಳ್ಳೆಯೋ ಶಿಳ್ಳೆ. ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದು ನಗುತ್ತಾರೆ. ಅವರಲ್ಲಿ ಎಷ್ಟೋ ಜನರ ಮನೆಯಲ್ಲಿ ಅದೇ ಮನುಷ್ಯ ಕಾದಿರುತ್ತಾನೆ. ಅಲ್ಲಿ ಕಸಬರಿಗೆ ಅವನ ಕೈಯಲ್ಲಿ ಇರುತ್ತದೆ.

ನಮ್ಮ ಸಿನಿಮಾದವರೂ ಇದನ್ನೇ ಮುಂದುವರಿಸಿದರು. ಕುಡಿತ ಅಂದರೆ ಒಂದೋ ಹಾಸ್ಯ, ಇಲ್ಲಾ ಪ್ರೀತಿ ಮುರಿದ ನಾಯಕನ ದೊಡ್ಡ ದುಃಖ. ನಡುವೆ ಇರುವ ಸಾಮಾನ್ಯ ಮನುಷ್ಯ ಕಾಣುವುದೇ ಇಲ್ಲ.

ನಿಮಗೆ ಬೇಕಾದ ಸಿನಿಮಾ ಸಿಗದಿದ್ದರೆ ನಾವು ಮೂರು-ನಾಲ್ಕು ಜನ ಬಂದು ಒಂದು ಸಣ್ಣ ಪ್ರಸಂಗ ಆಡಿ ತೋರಿಸುತ್ತೇವೆ. ನೀವು ಹೇಳಿದಿರಲ್ಲ, ಬಿಟ್ಟವನು ಮೊದಲ ಸಲ ಮದುವೆ ಮನೆಗೆ ಹೋಗುವುದು. ಅದನ್ನೇ ಮಾಡೋಣ. ತೂರಾಟ ಇರುವುದಿಲ್ಲ, ಕಸಬರಿಗೆ ಇರುವುದಿಲ್ಲ.

ಇಳಕಲ್ಲ ಸೀರಿ (ಇಳಕಲ್)

ನಮ್ಮ ಅಜ್ಜಾರ, ಅಂದರೆ ಮಹಾಂತ ಸ್ವಾಮಿಗಳ, ಹೆಸರು ಬಂದಿದ್ದಕ್ಕೆ ಎರಡು ಮಾತು. 1975ರಲ್ಲಿ ಅವರು ಮಹಾಂತ ಜೋಳಿಗೆ ಶುರು ಮಾಡಿದರು. ಮಠದವರು ಜೋಳಿಗೆ ಹಿಡಿದರೆ ಜೋಳ, ಹಿಟ್ಟು, ರೊಕ್ಕ ಹಾಕುವುದು ರೂಢಿ. ಇವರು ಚಟ ಬೇಡಿದರು. ಬೀಡಿ, ತಂಬಾಕು, ಕುಡಿತ, ಏನಿದೆಯೋ ಅದನ್ನು ಜೋಳಿಗೆಗೆ ಹಾಕು ಅಂತ. ಮಠಕ್ಕೆ ಬಾ ಅಂತ ಕರೆಯಲಿಲ್ಲ. ತಾವೇ ಓಣಿ ಓಣಿಗೆ, ಕೇರಿ ಕೇರಿಗೆ ಹೋದರು. 2018ರ ಮೇ ತಿಂಗಳಲ್ಲಿ ಲಿಂಗೈಕ್ಯರಾಗುವವರೆಗೂ ಅದೇ ಅವರ ಕೆಲಸ.

ಮೈಕಿನಲ್ಲಿ ಸಾವಿರ ಜನಕ್ಕೆ ಹೇಳುವುದು ಬೇರೆ. ಒಬ್ಬನ ಹೊಸ್ತಿಲಲ್ಲಿ ನಿಂತು ಅವನೊಬ್ಬನನ್ನೇ ಕೇಳುವುದು ಬೇರೆ. ನಿಮ್ಮ ಕಾರ್ಯಕ್ರಮಕ್ಕೆ ಭಾಷಣದವರನ್ನು ಕರೆಯುವ ಮುಂಚೆ ಮನೆ ಮನೆಗೆ ಹೋಗಿ ಹೆಸರು ಹಿಡಿದು ಕರೆಯಿರಿ.

ಇನ್ನೊಂದು ಹೇಳಬೇಕು. ನಮ್ಮ ಕಾಕಾ ಒಬ್ಬರು ಜೋಳಿಗೆಗೆ ಹಾಕಿ ಬಂದು, ಕೆಲವು ತಿಂಗಳ ಮೇಲೆ ಮತ್ತೆ ಕುಡಿದರು. ಆಮೇಲೆ ಮಠದ ಓಣಿಯಲ್ಲಿ ನಡೆಯುವುದನ್ನೇ ಬಿಟ್ಟರು. ಅಜ್ಜಾರು ಸಿಟ್ಟು ಮಾಡುತ್ತಿದ್ದರು ಅಂತಲ್ಲ. ಇವರಿಗೇ ಮುಖ ತೋರಿಸಲು ಆಗಲಿಲ್ಲ. ಆಣೆ ಮುರಿದವನು ವಾಪಸ್ ಬರಲು ಒಂದು ಬಾಗಿಲು ಬೇಕು, ಅಲ್ವಾ?

ಬಿಳಿ ಕೋಟು (ವಿಜಯಪುರ)

ನಾನು ಸ್ಟಾಫ್ ನರ್ಸ್. ಅಕ್ಕಾರ ಮಾತಿಗೆ ಸೇರಿಸಿ ಒಂದು ಎಚ್ಚರಿಕೆ. ದಯವಿಟ್ಟು ವೇದಿಕೆ ಮೇಲೆ ಯಾರ ಕೈಯಲ್ಲೂ ‘ಇವತ್ತಿನಿಂದ ಮುಟ್ಟುವುದಿಲ್ಲ’ ಅಂತ ಆಣೆ ಮಾಡಿಸಬೇಡಿ. ವಾರಕ್ಕೊಮ್ಮೆ ಕುಡಿಯುವವನಿಗೆ ಅದರಿಂದ ತೊಂದರೆ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕುಡಿಯುವವನಿಗೆ ಅದು ಜೀವಕ್ಕೇ ಕುತ್ತು.

ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಮೈ ಬೆವರುತ್ತದೆ, ನಿದ್ದೆ ಬರುವುದಿಲ್ಲ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ದಿಕ್ಕು ತಪ್ಪುತ್ತದೆ. ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ, ಯಾರೋ ಕೊಲ್ಲಲು ಬಂದರು ಅಂತ ಓಡುತ್ತಾರೆ. ಡೆಲಿರಿಯಂ ಟ್ರೆಮೆನ್ಸ್ ಅಂತ ಅದರ ಹೆಸರು. ಮನೆಯವರು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಲು ಒಯ್ಯುತ್ತಾರೆ. ಆಸ್ಪತ್ರೆಗೆ ತಂದರೆ ಔಷಧದಿಂದ ಇದನ್ನು ತಡೆಯಬಹುದು. ವಿಟಮಿನ್ ಬಿ1, ಅಂದರೆ ಥಯಾಮಿನ್, ಚುಚ್ಚುತ್ತೇವೆ. ಅದಿಲ್ಲದೆ ಬರೀ ಗ್ಲೂಕೋಸ್ ಬಾಟಲಿ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು.

ಗುಟ್ಟಾಗಿ ಊಟದಲ್ಲಿ ಕಲಸಿ ಕುಡಿತ ಬಿಡಿಸುವ ಪುಡಿಯ ಬಗ್ಗೆಯೂ ಯಾರಾದರೂ ಮಾತಾಡಲೇಬೇಕು. ಕೆಲವು ಕಡೆ ಅದರಲ್ಲಿ ಡೈಸಲ್ಫಿರಾಮ್ ಗುಳಿಗೆಯನ್ನೇ ಅರೆದು ಕೊಡುತ್ತಾರೆ. ವೈದ್ಯರು ಕೊಟ್ಟು, ಕುಡಿಯುವವನು ತಿಳಿದೇ ನುಂಗಿದರೆ ಅದು ಒಳ್ಳೆಯ ಔಷಧ. ಗೊತ್ತಿಲ್ಲದೆ ತಿಂದು ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಬಡಿದುಕೊಂಡು, ವಾಂತಿಯಾಗಿ ಬಿಪಿ ಕುಸಿಯಬಹುದು. ಹೃದಯದ ಕಾಯಿಲೆ ಇದ್ದವನು ಸತ್ತೇ ಹೋಗಬಹುದು. ಗುಳಿಗೆ ನಿಲ್ಲಿಸಿ ಎರಡು ವಾರದವರೆಗೂ ಅದರ ಪ್ರಭಾವ ಇರುತ್ತದೆ. ಹೆಂಡತಿಯರು ಬೇರೆ ದಾರಿ ಕಾಣದೆ ಇದನ್ನು ಮಾಡುತ್ತಾರೆ, ಅವರನ್ನು ಬೈಯಬೇಡಿ. ಆದರೆ ತಿಳಿಸಿ ಹೇಳಿ.

14416 ಟೆಲಿ ಮಾನಸ್ ನಂಬರು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಹಣ ಬೀಳುವುದಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಇದನ್ನು ಗೋಡೆಗೆ ದೊಡ್ಡದಾಗಿ ಬರೆಸಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿಗೆ ಮನೋವೈದ್ಯರು ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ಕೇಳಿ ಅದನ್ನೂ ಬರೆಸಿ. ಕೇಸು ಕಷ್ಟದ್ದಾದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ.

ಸುಮ್ನೆ ಓದುವವ (ಜಮಖಂಡಿ)

ಇಲ್ಲಿ ಬರೆಯುವುದು ಕಡಿಮೆ. ಈ ವಿಷಯಕ್ಕೆ ಬರೆಯಲೇಬೇಕು ಅನ್ನಿಸಿತು. ನಾನು ಕುಡಿತ ಬಿಟ್ಟವನು.

ಸಿಸ್ಟರ್ ಹೇಳಿದ ನಡುಕ ಹೇಗಿರುತ್ತದೆ ಅಂದರೆ, ಚಹಾದಂಗಡಿಯಲ್ಲಿ ಕಪ್ಪು-ಬಸಿ ಕೈಗೆ ಬಂದ ಕೂಡಲೇ ಕಟಕಟ ಸದ್ದು ಶುರುವಾಗುತ್ತದೆ. ಬೆಂಚಿನ ಮೇಲೆ ಕೂತವರೆಲ್ಲ ತಿರುಗಿ ನೋಡುತ್ತಾರೆ. ಬಸಿಗೆ ಸುರಿದರೆ ಅರ್ಧ ಚಹಾ ಅಂಗಿಯ ಮೇಲೆ. ಹಾಗಾಗಿ ಬೆಳಿಗ್ಗೆ ಮೊದಲು ಒಂದು ತೊಂಬತ್ತು ಹಾಕಿ, ಕೈ ನಿಂತ ಮೇಲೆ ಚಹಾದಂಗಡಿಗೆ ಹೋಗುತ್ತಿದ್ದೆ. ನೋಡುವವರು ಕೊಬ್ಬು ಅಂದರು. ನನಗೆ ಅದು ಒಂದು ಕಪ್ಪು ಚಹಾ ಮರ್ಯಾದೆಯಿಂದ ಕುಡಿಯುವ ದಾರಿಯಾಗಿತ್ತು.

ಇಂಗ್ಲಿಷಿನ ಒಂದು ಹಳೆಯ ಸಿನಿಮಾ, 1945ರ ‘ದಿ ಲಾಸ್ಟ್ ವೀಕೆಂಡ್’, ಸಬ್‌ಟೈಟಲ್ ಹಾಕಿಕೊಂಡು ನೋಡಿದೆ. ಅದರಲ್ಲಿ ಬಾಟಲಿಗೆ ದಾರ ಕಟ್ಟಿ ಕಿಟಕಿಯ ಹೊರಗೆ ಇಳಿಬಿಟ್ಟಿರುತ್ತಾನೆ. ನಾನು ಕಣಕಿಯ ಬಣವೆಯಲ್ಲಿ ಇಡುತ್ತಿದ್ದೆ. ಅಷ್ಟೇ ವ್ಯತ್ಯಾಸ. ಅಷ್ಟು ದೂರದವನೊಬ್ಬ ನನ್ನ ಹಾಗೇ ಬಚ್ಚಿಡುತ್ತಿದ್ದ ಅನ್ನುವುದನ್ನು ನೋಡಿ ಎದೆ ಹಗುರವಾಯಿತು. ಇದು ನನ್ನೊಬ್ಬನ ಕೆಟ್ಟತನ ಅಲ್ಲ, ಒಂದು ಕಾಯಿಲೆ ಅಂತ ಗಟ್ಟಿಯಾದದ್ದು ಆಗ. ಆ ಸಿನಿಮಾಕ್ಕೆ ಆಸ್ಕರ್ ಬಂದಿತ್ತು ಅಂತ ಆಮೇಲೆ ಗೊತ್ತಾಯಿತು.

ನನ್ನನ್ನು ಹಿಡಿದಿಟ್ಟದ್ದು ಎಎ ಸಭೆ. ಆಲ್ಕೊಹಾಲಿಕ್ಸ್ ಅನಾನಿಮಸ್. ಅದು ಶುರುವಾದ ಕಥೆ ನನಗೆ ಯಾವ ಸಿನಿಮಾಕ್ಕಿಂತ ಕಡಿಮೆ ಅಲ್ಲ. 1935ರಲ್ಲಿ ಬಿಲ್ ವಿಲ್ಸನ್ ಅನ್ನುವವರು ಅಮೆರಿಕದ ಆಕ್ರನ್ ಊರಿಗೆ ವ್ಯಾಪಾರಕ್ಕೆ ಹೋಗಿರುತ್ತಾರೆ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿರುತ್ತದೆ. ವ್ಯವಹಾರ ಕೆಡುತ್ತದೆ. ಹೋಟೆಲಿನಲ್ಲಿ ಬಾರ್ ಕರೆಯುತ್ತಿರುತ್ತದೆ. ಅವರು ಅಲ್ಲಿದ್ದ ಫೋನ್ ಹಿಡಿದು, ಈ ಊರಲ್ಲಿ ಮಾತಾಡಲು ನನ್ನಂಥ ಇನ್ನೊಬ್ಬ ಕುಡುಕ ಸಿಗುತ್ತಾನಾ ಅಂತ ಕೇಳುತ್ತ ಹೋಗುತ್ತಾರೆ. ಸಿಕ್ಕವರು ಡಾ. ಬಾಬ್ ಸ್ಮಿತ್, ಆಪರೇಷನ್ ಮಾಡುವ ಡಾಕ್ಟರು. ಗಂಟೆಗಟ್ಟಲೆ ಮಾತಾಡುತ್ತಾರೆ. ಅದಾದ ಮೇಲೂ ಡಾ. ಬಾಬ್ ಒಮ್ಮೆ ಜಾರಿದರು. ಬಿಲ್ ಅವರನ್ನು ಬಿಟ್ಟು ಹೋಗಲಿಲ್ಲ. ಆ ವರ್ಷದ ಜೂನ್ 10ಕ್ಕೆ ಡಾ. ಬಾಬ್ ಕೊನೆಯ ಸಲ ಕುಡಿದರು. ಎಎ ಹುಟ್ಟಿದ ದಿನ ಅಂತ ಅದನ್ನೇ ಲೆಕ್ಕ ಹಿಡಿಯುತ್ತಾರೆ. ಇಳಕಲ್ಲ ಅಕ್ಕಾರೇ, ನೀವು ಕೇಳಿದ ಬಾಗಿಲು ಅಲ್ಲಿದೆ. ಜಾರಿದವನಿಗೆ ಮೊದಲ ಕುರ್ಚಿ.

ಘಟಪ್ರಭಾ ಅಣ್ಣಾರೇ, ನನ್ನಂಥವರನ್ನು ವೇದಿಕೆ ಮೇಲೆ ನಿಲ್ಲಿಸಿ ಶಾಲು ಹೊದಿಸಿ ಹಾರ ಹಾಕಬೇಡಿ. ಮರುದಿನದಿಂದ ಊರಿನ ಕಣ್ಣೆಲ್ಲ ಅವನ ಮೇಲೆ. ಅಕಸ್ಮಾತ್ ಜಾರಿದರೆ ಆ ಹಾರವೇ ಉರುಲಾಗುತ್ತದೆ.

ಹೊಸ್ತಿಲು (ಗೋಕಾಕ)

ಬಿಟ್ಟವರ ಮಾತು ಬಂತು. ಮನೆಯಲ್ಲಿ ಇದ್ದವರದ್ದೂ ಸ್ವಲ್ಪ ಕೇಳಿ. ನಮ್ಮ ಮನೆಯವರು ಕುಡಿತ ಬಿಟ್ಟಿದ್ದಾರೆ. ಈಗಲೂ ಸಂಜೆ ಗೇಟಿನ ಸದ್ದಾದರೆ ನಾನು ಒಲೆ ಸಣ್ಣ ಮಾಡಿ ಹೆಜ್ಜೆ ಕೇಳುತ್ತೇನೆ. ಚಪ್ಪಲಿ ಎರಡೂ ಒಟ್ಟಿಗೆ ಬಿಟ್ಟರಾ, ಒಂದು ದೂರ ಹಾರಿತಾ ಅಂತ. ನೀರು ಕೊಡುವ ನೆವದಲ್ಲಿ ಹತ್ತಿರ ಹೋಗಿ ಬಾಯಿಯ ವಾಸನೆ ನೋಡುತ್ತೇನೆ. ಅವರಿಗೆ ಗೊತ್ತಾಗುತ್ತದೆ. ‘ನೋಡೇ, ಇನ್ನೂ ನಂಬಿಕೆ ಇಲ್ಲೇನು’ ಅಂತಾರೆ. ಇಲ್ಲ. ಬೇಕಂತಲೇ ಅಲ್ಲ, ಮೈಗೆ ಅದು ರೂಢಿಯಾಗಿದೆ.

ಸಿನಿಮಾದಲ್ಲಿ ಅವನು ಅಳುತ್ತಾನೆ, ಅವಳು ಕಣ್ಣೀರು ಒರೆಸುತ್ತಾಳೆ, ಶುಭಂ. ನಿಮ್ಮ ಕಾರ್ಯಕ್ರಮದಲ್ಲಿ ದಯವಿಟ್ಟು ಯಾರೂ ‘ಕ್ಷಮಿಸಿಬಿಡಮ್ಮ’ ಅಂತ ಹೆಣ್ಣುಮಕ್ಕಳಿಗೆ ಹೇಳಬೇಡಿ. ಅದಕ್ಕೆ ಎಷ್ಟು ಕಾಲ ಬೇಕು ಅನ್ನುವುದು ಅವಳ ಲೆಕ್ಕ.

ಸುಮ್ನೆ ಓದುವವ (ಜಮಖಂಡಿ)

ಅಕ್ಕಾರೇ, ನಿಮ್ಮ ಮಾತು ಓದಿ ನಮ್ಮ ಮನೆಯವಳಿಗೂ ತೋರಿಸಿದೆ. ಕುಡಿಯುವವರ ಮನೆಯವರಿಗೆ ಅಲ್-ಅನಾನ್ ಅಂತ ಬೇರೆಯೇ ಸಭೆ ಇದೆ. ಬಿಲ್ ವಿಲ್ಸನ್ ಅವರ ಹೆಂಡತಿ ಲೋಯಿಸ್ 1951ರಲ್ಲಿ ಶುರು ಮಾಡಿದ್ದು. ಗಂಡ ಕುಡಿತ ಬಿಟ್ಟಮೇಲೂ ತನಗೆ ನೆಮ್ಮದಿ ಇಲ್ಲ ಅಂತ ಆಕೆಗೂ ಅನ್ನಿಸಿತ್ತು.

ಬೀಡಿ ಎಲೆ (ನಿಪ್ಪಾಣಿ)

ನಮ್ಮ ಊರು ತಂಬಾಕಿನ ಊರು. ಅವ್ವ ಬೀಡಿ ಕಟ್ಟಿಯೇ ನನ್ನನ್ನು ಓದಿಸಿದಳು. 2012ರ ಕೊನೆಯಿಂದ ಟಾಕೀಸಿನಲ್ಲಿ ಸಿನಿಮಾ ಶುರುವಿಗೂ ನಡುವೆಯೂ ತಂಬಾಕಿನ ಎಚ್ಚರಿಕೆ ಹಾಕುತ್ತಾರೆ. 2023ರ ಸೆಪ್ಟೆಂಬರಿನಿಂದ ಓಟಿಟಿಗೂ ಆ ನಿಯಮ ಬಂತು. ಆ ಜಾಹೀರಾತು ಬಂದಾಗ ಅವ್ವ ಪಕ್ಕದಲ್ಲಿ ಕೂತಿದ್ದರೆ ನನಗೆ ಎಲ್ಲಿ ನೋಡಬೇಕೋ ಗೊತ್ತಾಗುವುದಿಲ್ಲ. ಅವಳು ದಿನಾ ಬೆಳಿಗ್ಗೆ ಮಿಶ್ರಿ ತಿಕ್ಕುತ್ತಾಳೆ. ಸುಟ್ಟ ತಂಬಾಕಿನ ಪುಡಿ. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ಹಲ್ಲು ತಿಕ್ಕುವುದು ಅಂತಲೇ ತಿಳಿದಿದ್ದಾರೆ, ಚಟ ಅಂತ ಅಲ್ಲ. ಅವರನ್ನು ಯಾವ ಸಿನಿಮಾದವರೂ ತೋರಿಸಿಲ್ಲ. ನಿಮ್ಮ ಸಂಜೆಯಲ್ಲಿ ಗಂಡಸರ ಕುಡಿತದ ಜೊತೆ ಇದಕ್ಕೂ ಹತ್ತು ನಿಮಿಷ ಕೊಡಿ.

ಕನ್ನಡ ಮೇಡಂ (ಬೆಳಗಾವಿ)

ಎಲ್ಲರ ಮಾತು ಓದಿದೆ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ‘ಶರಪಂಜರ’. ಅದರಲ್ಲಿ ಹೆಂಡ ಇಲ್ಲ, ಗೊತ್ತು. ಆದರೂ ಅದೇ.

ತ್ರಿವೇಣಿ ಅವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ಕಲ್ಪನಾ ಕಾವೇರಿಯಾಗಿ. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕೆಡುತ್ತದೆ. ಆಸ್ಪತ್ರೆಗೆ ಹೋಗಿ ಗುಣವಾಗಿ ಮನೆಗೆ ಬರುತ್ತಾಳೆ. ಸಾಮಾನ್ಯ ಸಿನಿಮಾ ಅಲ್ಲಿಗೆ ಮುಗಿಯಬೇಕಿತ್ತು. ಇಲ್ಲಿ ನಿಜವಾದ ಕಥೆ ಆಗ ಶುರುವಾಗುತ್ತದೆ. ಅವಳು ಜೋರಾಗಿ ನಕ್ಕರೂ ಅನುಮಾನ, ಸಿಟ್ಟು ಮಾಡಿದರೂ ಅನುಮಾನ. ನೆರೆಯವರಿಗೆ ಅವಳು ಹುಚ್ಚಿ. ಗಂಡ ಬೇರೆ ಹೆಣ್ಣಿನ ಕಡೆ ಹೋಗಿರುತ್ತಾನೆ. ಗುಣವಾಗಿ ಬಂದವಳನ್ನು ಮನೆಯವರೇ ಮತ್ತೆ ಆಸ್ಪತ್ರೆಗೆ ಕಳಿಸುತ್ತಾರೆ.

ಜಮಖಂಡಿ ಅಣ್ಣನ ಹಾರದ ಮಾತು, ಗೋಕಾಕ ಅಕ್ಕನ ಹೊಸ್ತಿಲಿನ ಮಾತು, ಎರಡೂ ಇದರೊಳಗೆ ಇವೆ. ಬಿಟ್ಟಮೇಲಿನ ಕಥೆಯನ್ನು ನಮ್ಮಲ್ಲಿ ಐದು ದಶಕದ ಹಿಂದೆಯೇ ಒಬ್ಬ ನಿರ್ದೇಶಕ ಇಷ್ಟು ಧೈರ್ಯದಿಂದ ತೆಗೆದಿದ್ದಾರೆ. ಅದೂ ಒಬ್ಬ ಹೆಣ್ಣುಮಗಳು ಬರೆದ ಕಾದಂಬರಿಯಿಂದ. ಆಮೇಲೆ ಆ ದಾರಿಯಲ್ಲಿ ನಡೆದವರು ತೀರಾ ಕಡಿಮೆ ಅನ್ನುವುದು ನನ್ನ ದೊಡ್ಡ ಬೇಸರ. ಆಸ್ಪತ್ರೆಯಿಂದ ಬಂದ ಮೇಲಿನ ಭಾಗ ಮಾತ್ರ ತೋರಿಸಿ, ಕಥೆಯ ಮೊದಲ ಅರ್ಧವನ್ನು ಯಾರಾದರೂ ಬಾಯಲ್ಲಿ ಹೇಳಲಿ.

ಇಂಡಿ ಹುಡುಗ (ಇಂಡಿ)

ಹಿರಿಯರ ನಡುವೆ ಒಂದು ಮಾತು. ನನ್ನ ವಯಸ್ಸಿನವರದ್ದು ಬಾಟಲಿ ಅಲ್ಲ, ಮೊಬೈಲು. ಐಪಿಎಲ್ ಬೆಟ್ಟಿಂಗ್, ರಮ್ಮಿ. 2025ರ ಆಗಸ್ಟಿನಲ್ಲಿ ಕೇಂದ್ರದ ಕಾನೂನು ಬಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ನಿಷೇಧ ಬಂತು. ಸಾಲ ಹಾಗೇ ಇದೆ. ಬಾಯಿ ವಾಸನೆ ಬರುವುದಿಲ್ಲ, ಕೈ ನಡುಗುವುದಿಲ್ಲ, ಹಾಗಾಗಿ ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಗೆಳೆಯನೊಬ್ಬ ಅಪ್ಪನ ದ್ರಾಕ್ಷಿ ಮಾರಿದ ದುಡ್ಡು ಕಳೆದ. ವಾರಗಟ್ಟಲೆ ಯಾರ ಜೊತೆಗೂ ಮಾತಿಲ್ಲ. ಅವನಿಗೂ ಆ 14416 ನಡೆಯುತ್ತದಾ ಸಿಸ್ಟರ್?

ಬಿಳಿ ಕೋಟು (ವಿಜಯಪುರ)

ಖಂಡಿತ ನಡೆಯುತ್ತದೆ ತಮ್ಮಾ. ಕುಡಿತಕ್ಕೆ ಮಾತ್ರ ಅಲ್ಲ, ಮನಸ್ಸಿನ ಯಾವ ತೊಂದರೆಗೂ. ಅವನನ್ನು ಒಬ್ಬನೇ ಬಿಡಬೇಡ. ಸಾಯುವ ಮಾತಾಡುತ್ತಾನಾ ಅಂತ ನೇರವಾಗಿ ಕೇಳು. ಕೇಳಿದರೆ ತಲೆಗೆ ಹೊಳೆಯುತ್ತದೆ ಅನ್ನುವುದು ಸುಳ್ಳು, ಕೇಳಿದರೆ ಅವನಿಗೆ ಹಗುರವಾಗುತ್ತದೆ. ಇವತ್ತೇ ಪಕ್ಕದಲ್ಲಿ ಕೂತು ನೀನೇ ಫೋನ್ ಹಚ್ಚಿಕೊಡು. ಏನಾಯಿತು ಅಂತ ಇಲ್ಲಿ ಹೇಳು.

ಕಿತ್ತೂರು ನಾಡು (ಬೈಲಹೊಂಗಲ)

ಬಿಡಿಸುವ ಕೇಂದ್ರಗಳ ಬಗ್ಗೆ ಒಂದು ಮಾತು. ನಮ್ಮ ಅಣ್ಣನನ್ನು ಸೇರಿಸಿದ್ದ ಕಡೆ ವಾರಗಟ್ಟಲೆ ಫೋನ್ ಕೊಡಲಿಲ್ಲ. ಮನೆಗೆ ಬಂದಾಗ ಕಾಲಿನ ಮೇಲೆ ಸರಪಳಿಯ ಗುರುತು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತ, ಡ್ರಗ್ಸಿನಿಂದ ಬರುವ ಮಾನಸಿಕ ತೊಂದರೆಯೂ ಸೇರಿದೆ. ಸರಪಳಿ ಕಟ್ಟುವುದಕ್ಕೆ ನಿಷೇಧ ಇದೆ. ಸೇರಿಸುವ ಮುಂಚೆ ನೋಂದಣಿ ಪತ್ರ ಕೇಳಿ, ಮನೋವೈದ್ಯರು ಯಾರು ಅಂತ ಕೇಳಿ, ಒಳಗೆ ಹೋಗಿ ಮಲಗುವ ಜಾಗ ನೋಡಿ. ತೋರಿಸಲ್ಲ ಅಂದರೆ ವಾಪಸ್ ಬನ್ನಿ.

ಟಿಳಕವಾಡಿ ಓದುಗ (ಬೆಳಗಾವಿ)

ಮೇಡಂ ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ನನ್ನ ‘ಜೀವನ ಚೈತ್ರ’ ಮುಂದಿನ ವರ್ಷಕ್ಕಿರಲಿ. ‘ಶರಪಂಜರ’ದ ಹಕ್ಕು ಯಾರ ಹತ್ತಿರ ಇದೆ ಅಂತ ಬೆಂಗಳೂರಿನ ಗೆಳೆಯರ ಮೂಲಕ ವಿಚಾರಿಸುತ್ತೇನೆ.

ಘಟಪ್ರಭಾ ದಂಡೆ (ಮುಧೋಳ)

ಇಷ್ಟೊಂದು ಸಿಗುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಶರಣು. ನಮ್ಮವರ ಜೊತೆ ಕೂತು ಹೀಗೆ ಮಾಡಿದ್ದೇವೆ.

ಒಪ್ಪಿಗೆ ಸಿಕ್ಕರೆ ‘ಶರಪಂಜರ’ದ ಎರಡನೇ ಭಾಗ. ಸಿಗದಿದ್ದರೆ ಮೇಡಂ ಬಂದು ಆ ಕಥೆಯನ್ನು ಹೇಳುತ್ತಾರೆ, ಒಪ್ಪಿಕೊಂಡಿದ್ದಾರೆ. ಆಮೇಲೆ ಬಾದಾಮಿಯವರ ಮದುವೆ ಮನೆ ಪ್ರಸಂಗ. ಆಣೆ ಇಲ್ಲ, ಶಾಲು ಇಲ್ಲ, ಹಾರ ಇಲ್ಲ. ಸಿಸ್ಟರ್ ನಡುಕದ ಬಗ್ಗೆ, ಗುಟ್ಟಿನ ಪುಡಿಯ ಬಗ್ಗೆ ಮಾತಾಡುತ್ತಾರೆ. ಮಿಶ್ರಿಯ ಬಗ್ಗೆ ಮಾತಾಡಲು ನಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿದ್ದೇವೆ. ಬಿಟ್ಟವರು ಮಾತಾಡುವುದಾದರೆ ಕೆಳಗೆ, ಜನರ ನಡುವೆ ಕೂತು, ಹೆಸರು ಹೇಳದೆ. ಫೋಟೋ, ವಿಡಿಯೋ ತೆಗೆಯುವಂತಿಲ್ಲ. ಕರೆಯುವುದಕ್ಕೆ ಮೈಕಿನ ಆಟೋ ಬಿಡುವುದಿಲ್ಲ, ಮನೆ ಮನೆಗೆ ನಾವೇ ಹೋಗುತ್ತೇವೆ.

ಒಂದು ತೊಡಕು ಉಳಿದಿದೆ. ಸಂಜೆ ಏಳು ಅಂದರೆ ಅಂಗಡಿ ಕಡೆ ಕಾಲು ಎಳೆಯುವ ಹೊತ್ತು. ಎಷ್ಟಕ್ಕೆ ಶುರು ಮಾಡಲಿ?

ಸುಮ್ನೆ ಓದುವವ (ಜಮಖಂಡಿ)

ಏಳಕ್ಕೇ ಮಾಡಿ. ಕಷ್ಟ ಇರುವುದೇ ಆ ಹೊತ್ತಿನದು. ಖಾರಾ ಚುರುಮರಿ, ಮಿರ್ಚಿ ಬಜಿ, ಸಿಹಿ ಚಹಾ ಜಾಸ್ತಿ ಇಟ್ಟಿರಿ. ಹೊಟ್ಟೆ ತುಂಬಿದ್ದರೆ ಎಳೆತ ಕಡಿಮೆ. ಚಹಾ ಕಪ್ಪು-ಬಸಿಯಲ್ಲಿ ಬೇಡ, ದೊಡ್ಡ ಸ್ಟೀಲ್ ಲೋಟದಲ್ಲಿ ಅರ್ಧ ಅರ್ಧ ಕೊಡಿ. ನಾನು ಆರಕ್ಕೇ ಬಂದಿರುತ್ತೇನೆ.

ಇಂಡಿ ಹುಡುಗ (ಇಂಡಿ)

ಸಿಸ್ಟರ್, ಫೋನ್ ಮಾಡಿದೆವು. ಅವನೇ ಮಾತಾಡಿದ, ತುಂಬಾ ಹೊತ್ತು. ಮಂಗಳವಾರ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅವರ ಅಪ್ಪನಿಗೆ ಹೇಗೆ ಹೇಳುವುದು ಅಂತ ಇನ್ನೂ ತಿಳಿದಿಲ್ಲ. ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.